ಯಾರ ಅಡುಗೆ, ಯಾರ ಚಿತ್ರ?

ಹೆಸರಾಂತ ಬಾಣಸಿಗರು ಇಬ್ಬರೋ ಮೂವರೋ ಒಂದು ರಾತ್ರಿಯ ಮಟ್ಟಿಗೆ ಒಂದೇ ಹೋಟೆಲಿನ ಅಡುಗೆಮನೆಯಲ್ಲಿ ಕಲೆತು, ಸರದಿಯ ಮೇಲೆ ಒಂದೊಂದು ಬಗೆಯನ್ನು ಮಾಡಿ ಬಡಿಸುವ ಕೂಡುಭೋಜನದ ರೂಢಿ ಮುಂಬಯಿ, ಬೆಂಗಳೂರುಗಳನ್ನು ದಾಟಿ ನಾವಿರುವ ಗುಜರಾತಿನ ನಗರಗಳಿಗೂ ಬಂದಿದೆ. ‘ನಾಲ್ಕು ಕೈಗಳ ಊಟ’ ಎಂದು ಅದಕ್ಕೊಂದು ಹೆಸರೂ ಇದೆ. ಊಟಕ್ಕಿಂತ ಊಟದ ಛಾಯಾಚಿತ್ರಗಳಿಗೇ ಆಯುಷ್ಯ ಹೆಚ್ಚು. ಬಿಳಿಯ ಕೋಟು ತೊಟ್ಟ ಬಾಣಸಿಗ ತಟ್ಟೆಯ ಮೇಲೆ ಬಾಗಿ, ಚಿಮುಟದಿಂದ ಒಂದು ಎಲೆಯನ್ನು ಇಡುತ್ತಿರುವ ಚಿತ್ರವನ್ನು ನೋಡದವರು ಇಂದು ವಿರಳ. ಈ ಚಿತ್ರ ಸುಳ್ಳು ಹೇಳುತ್ತದೆ ಎಂಬುದು ನನ್ನ ವಾದ. ಸುಳ್ಳು ಹೇಳುವುದು ಕ್ಯಾಮರಾ ಅಲ್ಲ, ಅದನ್ನು ಎಲ್ಲಿ, ಯಾವ ಹೊತ್ತಿನಲ್ಲಿ ನಿಲ್ಲಿಸಬೇಕೆಂದು ನಿರ್ಧರಿಸುವ ಮನಸ್ಸು.

ಮೊದಲು ಲೆಕ್ಕವನ್ನೇ ತೆಗೆದುಕೊಳ್ಳೋಣ. ಚಿತ್ರದಲ್ಲಿ ನಾಲ್ಕು ಕೈಗಳಿವೆ. ನೂರು ಜನರಿಗೆ ಏಳೆಂಟು ಬಗೆಗಳನ್ನು ಉಣಬಡಿಸುವ ಅಡುಗೆಮನೆಯಲ್ಲಿ ಅಂದು ದುಡಿದ ಕೈಗಳು ಅದಕ್ಕೆ ಹತ್ತುಪಟ್ಟಾದರೂ ಇರುತ್ತವೆ. ಬೆಳಿಗ್ಗೆ ತರಕಾರಿ ತೊಳೆದವರು, ಈರುಳ್ಳಿ ಹೆಚ್ಚಿದವರು, ತೆಂಗಿನಕಾಯಿ ತುರಿದವರು, ಮಸಾಲೆ ಅರೆದವರು, ಸಂಜೆಯವರೆಗೆ ಒಲೆಯ ಮುಂದೆ ನಿಂತು ಕೊಪ್ಪರಿಗೆಯನ್ನು ತಿರುವಿದವರು, ಎಲ್ಲ ಮುಗಿದ ಮೇಲೆ ನಡುರಾತ್ರಿಯಲ್ಲಿ ಪಾತ್ರೆ ಬೆಳಗಿದವರು. ಛಾಯಾಗ್ರಾಹಕ ಬರುವುದು ರಾತ್ರಿ ಏಳರ ಮೇಲೆ. ಅಷ್ಟರಲ್ಲಿ ಅಡುಗೆ ಎಂಬ ಕ್ರಿಯೆಯ ಬಹುಭಾಗ ಮುಗಿದಿರುತ್ತದೆ, ಉಳಿದಿರುವುದು ಅಲಂಕಾರ. ಒಲೆಯ ಬಳಿ ಹಬೆಗೆ ಮಸೂರ ಮಬ್ಬಾಗುತ್ತದೆ, ಜಾಗ ಇಕ್ಕಟ್ಟು, ಬೆಳಕು ಸಾಲದು. ತಟ್ಟೆ ಜೋಡಿಸುವ ಮೇಜಿನ ಮೇಲಾದರೋ ಒಳ್ಳೆಯ ದೀಪಗಳಿರುತ್ತವೆ. ಹೀಗಾಗಿ ಹದಿನಾರು ಗಂಟೆಗಳ ದುಡಿಮೆಯ ಕೊನೆಯ ಹದಿನೈದು ನಿಮಿಷಗಳೇ ಇಡೀ ಪಾಕಕಲೆಯ ಪ್ರತಿನಿಧಿಯಾಗಿ ಅಚ್ಚಾಗುತ್ತವೆ.

ನಮ್ಮ ಪರಂಪರೆಯಲ್ಲಿ ಅಡುಗೆಯವನ ಮುಖದ ಕಥೆ ಬೇರೆಯೇ ಆಗಿದೆ. ಒಳ್ಳೆಯ ಅಡುಗೆಯನ್ನು ನಾವು ನಳಪಾಕ, ಭೀಮಪಾಕ ಎಂದು ಕರೆಯುತ್ತೇವೆ. ಈ ಇಬ್ಬರೂ ಅಡುಗೆಯವರಾದದ್ದು ಯಾವಾಗ? ತಮ್ಮ ಮುಖವನ್ನು ಮರೆಸಬೇಕಾಗಿ ಬಂದಾಗ. ನಳ ಬಾಹುಕನಾಗಿ ಋತುಪರ್ಣನ ಆಶ್ರಯದಲ್ಲಿದ್ದ. ಭೀಮ ವಲಲನಾಗಿ ವಿರಾಟನ ಪಾಕಶಾಲೆಯಲ್ಲಿದ್ದ. ಅರಸನಾದವನು ಅಡಗಿಕೊಳ್ಳಲು ಅಡುಗೆಮನೆಗಿಂತ ಕ್ಷೇಮವಾದ ಸ್ಥಳವಿಲ್ಲವೆಂದು ಪುರಾಣಕರ್ತೃಗಳಿಗೆ ತಿಳಿದಿತ್ತು, ಏಕೆಂದರೆ ಅಲ್ಲಿರುವವನ ಮುಖವನ್ನು ಯಾರೂ ನೋಡುವುದಿಲ್ಲ. 11ನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಪಾಕವಿಚಾರವಿದೆ, 16ನೆಯ ಶತಮಾನದ ಮಂಗರಸನ ‘ಸೂಪಶಾಸ್ತ್ರ’ ಅಡುಗೆಗೇ ಮೀಸಲಾದ ಕನ್ನಡ ಕಾವ್ಯ. ಗ್ರಂಥಕರ್ತರ ಹೆಸರುಗಳು ನಮಗೆ ಉಳಿದುಬಂದಿವೆ. ಅವರಿಗೆ ಆ ವಿದ್ಯೆಯನ್ನು ತಿಳಿಸಿಕೊಟ್ಟ, ಒಲೆಯ ಮುಂದೆ ಬೆವರಿದ ಸೂಪಕಾರರ ಹೆಸರುಗಳು ಉಳಿಯಲಿಲ್ಲ. ಕ್ಯಾಮರಾ ಎಂಬ ಯಂತ್ರ ಬಂದಾಗ ಈ ಅನ್ಯಾಯ ಸರಿಹೋಗಬೇಕಾಗಿತ್ತು. ಕೆಲವೇ ಮುಖಗಳಿಗೆ ದೀಪ ಹಿಡಿದು ಅದು ಉಳಿದವರನ್ನು ಇನ್ನಷ್ಟು ಕತ್ತಲೆಗೆ ದೂಡಿದೆ.

ಇದಕ್ಕೆ ಪರ್ಯಾಯವೇ ಇಲ್ಲವೇ ಎಂದು ಕೇಳುವವರು ದೂರ ಹೋಗಬೇಕಾಗಿಲ್ಲ, ವಡೋದರಕ್ಕೆ ಹೋದರೆ ಸಾಕು. ಅಲ್ಲಿನ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗದಲ್ಲಿ ಪಾಠ ಹೇಳಿದ ಜ್ಯೋತಿ ಭಟ್ 1960ರ ದಶಕದ ಕೊನೆಯಿಂದ ಗುಜರಾತಿನ ಮತ್ತು ನೆರೆಯ ಪ್ರಾಂತಗಳ ಹಳ್ಳಿಗಳಲ್ಲಿ ಅಲೆದು, ಗೋಡೆಗೆ ಚಿತ್ತಾರ ಬರೆಯುವ, ನೆಲಕ್ಕೆ ರಂಗೋಲಿ ಇಡುವ ಹೆಂಗಸರ ಚಿತ್ರಗಳನ್ನು ತೆಗೆದರು. ಆ ಚಿತ್ರಗಳಲ್ಲಿ ಕೃತಿಯ ಪಕ್ಕದಲ್ಲಿ ಕೃತಿಕಾರಳಿದ್ದಾಳೆ, ಅವಳ ಮನೆಯಿದೆ, ಮಗುವಿದೆ, ದನವಿದೆ. ಅಹಮದಾಬಾದಿನಲ್ಲಿ 1961ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ವಿದ್ಯಾರ್ಥಿಗಳು ಕುಶಲಕರ್ಮಿಗಳ ಬಳಿ ಹೋಗಿ ಉಪಕರಣ, ಕಚ್ಚಾವಸ್ತು, ಕೆಲಸದ ಹಂತಗಳನ್ನು ದಾಖಲಿಸುವ ಶಿಸ್ತನ್ನು ಬೆಳೆಸಿದರು. ಕುಂಬಾರನಿಗೆ, ನೇಕಾರನಿಗೆ, ಕಂಚುಗಾರನಿಗೆ ದೊರೆತ ಈ ಮರ್ಯಾದೆ ಅಡುಗೆಯವನಿಗೆ ಏಕೆ ದೊರೆಯಬಾರದು? ಇದೇ ನಗರದಲ್ಲಿ ‘ವಿಶಾಲಾ’ ಉಪಾಹಾರಗೃಹವನ್ನು ಕಟ್ಟಿದ ಸುರೇಂದ್ರ ಪಟೇಲರು 1981ರಲ್ಲಿ ಪಾತ್ರೆಗಳ ವಸ್ತುಸಂಗ್ರಹಾಲಯವನ್ನು ತೆರೆದು ಸಾವಿರಾರು ಹಂಡೆ, ಬಿಂದಿಗೆ, ಕಡಾಯಿ, ಅಡಕತ್ತರಿಗಳನ್ನು ಕೂಡಿಹಾಕಿದರು. ಅದು ಸ್ತುತ್ಯವಾದ ಕೆಲಸ. ಕಡಾಯಿಗೆ ಸಂದ ಮನ್ನಣೆ ಅದನ್ನು ಎತ್ತಿ ಇಳಿಸಿದ ‘ಮಹಾರಾಜ್’ನಿಗೆ ಸಲ್ಲಲಿಲ್ಲ. ಗುಜರಾತಿಗಳು ಅಡುಗೆಯವನನ್ನು ಮಹಾರಾಜನೆಂದೇ ಕರೆಯುತ್ತಾರೆ. ಬಿರುದು ಅರಸನದು, ಇರವು ಆಳಿನದು.

ಅಡುಗೆಮನೆಯನ್ನು ನೋಡುವ ಬೇರೆ ಕಣ್ಣುಗಳೂ ಇವೆಯೆಂಬುದನ್ನು ಮರೆಯಬಾರದು. ಬೆಂಗಳೂರಿನ ಎಂ.ಟಿ.ಆರ್.ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿಬಂದ ಮೇಲೆ ಹೋಟೆಲಿನ ಶುಚಿತ್ವದ ಕ್ರಮವನ್ನೇ ಬದಲಿಸಿದರು; ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ಕಂಡೇ ಊಟದ ಕೋಣೆಗೆ ಹೋಗುವ ಪದ್ಧತಿ ಅಲ್ಲಿತ್ತು. ಸೂರತ್ತಿನಲ್ಲಿ 1994ರ ಪ್ಲೇಗಿನ ತರುವಾಯ, 1995ರಲ್ಲಿ ಆಯುಕ್ತರಾಗಿ ಬಂದ ಎಸ್.ಆರ್. ರಾವ್ ಹೋಟೆಲುಗಳ ಒಳಗನ್ನೂ ತಪಾಸಣೆಗೆ ಒಳಪಡಿಸಿದರು. ಕಾಶಿಯಲ್ಲಿ ಮರಣ, ಸೂರತ್ತಿನಲ್ಲಿ ಊಟ ಎಂದು ಗಾದೆ ಕಟ್ಟಿದ ಊರು ತನ್ನ ಊಟ ಎಲ್ಲಿ ತಯಾರಾಗುತ್ತದೆಂದು ಆಗ ನೋಡಬೇಕಾಯಿತು. ಹೊಗೆ ಹೋಗಲು ದಾರಿ, ನಿಲ್ಲಲು ಒಣಗಿದ ನೆಲ, ಕೈ ತೊಳೆಯಲು ನೀರು: ತಪಾಸಣೆಯ ಕಣ್ಣು ಕೇಳುವುದು ಇವನ್ನು. ಉಣ್ಣುವವನಿಗೆ ಆಗುವ ಉಪಕಾರದಲ್ಲಿ ಅಡುಗೆಯವನಿಗೂ ಪಾಲಿದೆ. ಚಿಮುಟ ಹಿಡಿದ ಕೈಯ ಸುಂದರ ಚಿತ್ರದಿಂದ ಯಾವ ಅಡುಗೆಮನೆಗೂ ಒಂದು ಕಿಟಕಿ ಬಂದ ಉದಾಹರಣೆ ನನಗೆ ತಿಳಿದಿಲ್ಲ.

ಇದಕ್ಕೆ ಎದುರಾಗಿ ಬರುವ ವಾದವೊಂದು ಗಂಭೀರವಾದುದು. ಬಾಣಸಿಗನ ಚಿತ್ರ ಪತ್ರಿಕೆಯ ಮುಖಪುಟಕ್ಕೆ ಬಂದದ್ದರಿಂದಲೇ ಆ ವೃತ್ತಿಗೆ ಗೌರವ ಬಂತು, ಅಪ್ಪ ಅಡುಗೆಯವನೆಂದು ಹೇಳಲು ನಾಚುತ್ತಿದ್ದ ಮಕ್ಕಳು ಇಂದು ಹೋಟೆಲ್ ಆಡಳಿತದ ಪದವಿಗೆ ಸಾಲುಗಟ್ಟಿ ನಿಲ್ಲುತ್ತಾರೆ ಎಂಬುದು ಆ ವಾದ. ಅದರಲ್ಲಿ ಸತ್ಯಾಂಶವಿದೆ. 2001ರಲ್ಲಿ ವಿನೀತ್ ಭಾಟಿಯಾ, ಅತುಲ್ ಕೊಚ್ಚರ್ ಲಂಡನ್ನಿನಲ್ಲಿ ಮಿಶೆಲಿನ್ ತಾರೆಯನ್ನು ಪಡೆದಾಗ ಭಾರತೀಯ ಅಡುಗೆಯ ಮಾನ ಹೆಚ್ಚಿದ್ದು ನಿಜ. ಆದರೆ ಕೀರ್ತಿ ಮೇಲಿನಿಂದ ಕೆಳಕ್ಕೆ ತಾನಾಗಿ ಹರಿಯುವುದಿಲ್ಲ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಬಹುಕಾಲ ಕಳೆದ ನನಗೆ ನೆನಪಾಗುವ ದೃಷ್ಟಾಂತ ಇನ್ನೊಂದು. ನಮ್ಮ ಕಚೇರಿಗಳ ಇಲಾಖಾ ಕ್ಯಾಂಟೀನುಗಳ ಹಲ್ವಾಯಿ, ಅಡುಗೆಯವರು, ಬೇರರ್‌ಗಳು 1991ರ ಅಕ್ಟೋಬರ್ 1ರಿಂದ ಸರ್ಕಾರಿ ನೌಕರರೆಂದು ಪರಿಗಣಿತರಾದರು. ಅದಕ್ಕೆ ಸರ್ವೋಚ್ಚ ನ್ಯಾಯಾಲಯದ ಆದೇಶ ಬೇಕಾಯಿತು. ಯಾವ ಛಾಯಾಚಿತ್ರವೂ ಅವರನ್ನು ಮೆರೆಸಿರಲಿಲ್ಲ. ಸೇವಾಪುಸ್ತಕದಲ್ಲಿ ಬರೆದ ಹೆಸರು ಅವರಿಗೆ ವೇತನಶ್ರೇಣಿಯನ್ನೂ ನಿವೃತ್ತಿವೇತನವನ್ನೂ ತಂದಿತು.

ಅಡುಗೆಯವರೇ ಚಿತ್ರಕ್ಕೆ ಒಪ್ಪುವುದಿಲ್ಲ, ಕೆಲವರಿಗೆ ಮಡಿ, ಕೆಲವರಿಗೆ ಸಂಕೋಚ ಎಂದು ಹೇಳುವವರಿದ್ದಾರೆ. ಕೇಳಿದವರು ಯಾರು? ಒಪ್ಪದಿದ್ದರೆ ತೆಗೆಯಬಾರದು, ಅಷ್ಟೇ. ನಮ್ಮ 1957ರ ಕೃತಿಸ್ವಾಮ್ಯ ಶಾಸನದ ಪ್ರಕಾರ ಚಿತ್ರದ ಒಡೆತನ ತೆಗೆದವನದು ಅಥವಾ ಹಣ ಕೊಟ್ಟು ತೆಗೆಸಿದವನದು, ಚಿತ್ರದಲ್ಲಿರುವವನದಲ್ಲ. ಅದೇ ಶಾಸನಕ್ಕೆ 1994ರಲ್ಲಿ ಬಂದ ತಿದ್ದುಪಡಿ ‘ಪ್ರದರ್ಶಕ’ ಎಂಬ ಪದಕ್ಕೆ ಅರ್ಥ ಹೇಳುವಾಗ ನಟ, ಗಾಯಕ, ನರ್ತಕರ ಜೊತೆಗೆ ಹಾವಾಡಿಗನನ್ನೂ ಹೆಸರಿಸಿತು, ಬಾಣಸಿಗನನ್ನು ಹೆಸರಿಸಲಿಲ್ಲ. ಶಾಸನದ ರಕ್ಷಣೆ ಇಷ್ಟು ತೆಳುವಾಗಿರುವಾಗ ಚಿತ್ರ ತೆಗೆಯುವವನ ಸೌಜನ್ಯವೇ ಅಡುಗೆಯವನಿಗೆ ಉಳಿದಿರುವ ರಕ್ಷೆ.

ಈಗ ನಮ್ಮ ಮನೆಯ ಮಾತು. ದಕ್ಷಿಣ ಕನ್ನಡ, ಉಡುಪಿ ಸೀಮೆಗಳಿಂದ ಹೊರಟವರ ಹೋಟೆಲುಗಳಿಂದಲೇ ಹೊರನಾಡಿನ ಅನೇಕ ಊರುಗಳಲ್ಲಿ ಕನ್ನಡದ ಹೆಸರು ಮೊದಲು ಕೇಳಿಬಂತು. ಅಲ್ಲಿ ಹರೆಯಕ್ಕೆ ಬರುವ ಮೊದಲೇ ಮಾಣಿಗಳಾಗಿ ಸೇರಿ, ಲೋಟ ತೊಳೆದು, ಕಾವಲಿಯ ಮುಂದೆ ಬೆಂದವರೆಷ್ಟೋ! ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸುವುದಕ್ಕೆ ಕೇಂದ್ರ ಸರ್ಕಾರದ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. ಅದಕ್ಕೆ ಹಿಂದಿನ ಇಡೀ ತಲೆಮಾರುಗಳ ಬಾಲ್ಯಕ್ಕೆ ಚಿತ್ರಸಾಕ್ಷ್ಯ ಎಷ್ಟಿದೆ? ಹೊರನಾಡ ಸಂಘಗಳ ಸ್ಮರಣಸಂಚಿಕೆಗಳನ್ನು ತೆರೆದು ನೋಡಿ. ದೀಪ ಬೆಳಗಿಸುವ ಮುಖ್ಯ ಅತಿಥಿ, ಶಾಲು ಹೊದಿಸುವ ಅಧ್ಯಕ್ಷರು, ಪಂಕ್ತಿಯಲ್ಲಿ ಕುಳಿತು ಹೋಳಿಗೆ ಸವಿಯುವ ಸದಸ್ಯರು ಇದ್ದಾರೆ. ಬಡಿಸುವವನ ಕೈ ಇದೆ. ಚಿತ್ರದ ಅಂಚು ಅವನ ಕತ್ತಿನ ಬಳಿ ಮುಗಿಯುತ್ತದೆ. ದೊಡ್ಡ ಹೋಟೆಲಿನ ಕೂಡುಭೋಜನವನ್ನು ಟೀಕಿಸುವ ಅಧಿಕಾರ ಬರಬೇಕಾದರೆ ಮೊದಲು ಈ ಅಂಚನ್ನು ಸರಿಸಬೇಕು.

ಆದುದರಿಂದ ಅಹಮದಾಬಾದ್, ವಡೋದರ, ಸೂರತ್ತುಗಳ ಕನ್ನಡಿಗರ ಮುಂದೆ ನಾನಿಡುವ ಸೂಚನೆ ಇದು. ಬರುವ ರಾಜ್ಯೋತ್ಸವದ ಊಟಕ್ಕೆ ಛಾಯಾಗ್ರಾಹಕನನ್ನು ಸಂಜೆಯ ಸಭೆಗೆ ಕರೆಯುವ ಬದಲು ಮುಂಜಾನೆ ನಾಲ್ಕಕ್ಕೆ, ಒಲೆ ಹೊತ್ತುವ ಹೊತ್ತಿಗೆ ಕರೆಯೋಣ. ಅಡುಗೆಯವರ ಒಪ್ಪಿಗೆ ಪಡೆದು, ಅವರು ಹೇಗೆ ಕಾಣಿಸಿಕೊಳ್ಳಲು ಇಷ್ಟಪಡುತ್ತಾರೋ ಹಾಗೆ ಚಿತ್ರ ತೆಗೆಸೋಣ. ಅಚ್ಚಾಗುವಾಗ ಚಿತ್ರದ ಕೆಳಗೆ ಪೂರ್ಣ ಹೆಸರು, ಊರು, ಎಷ್ಟು ವರ್ಷದಿಂದ ಈ ಕೆಲಸ ಎಂಬ ವಿವರ ಇರಲಿ. ಪ್ರತಿಯೊಬ್ಬರಿಗೂ ಒಂದು ಪ್ರತಿ ತಲುಪಲಿ. ಪಾತ್ರೆ ತೊಳೆಯುವವರನ್ನು ಈ ಪಟ್ಟಿಯಿಂದ ಬಿಡಬಾರದು. ಮೂರು ನಗರಗಳ ಹಳೆಯ ಕನ್ನಡಿಗರ ಹೋಟೆಲುಗಳಲ್ಲಿ ಇನ್ನೂ ದುಡಿಯುತ್ತಿರುವ ಹಿರಿಯ ಅಡುಗೆಯವರ ಚಿತ್ರ, ಮಾತುಗಳನ್ನು ಇದೇ ರೀತಿ ಸಂಗ್ರಹಿಸುವ ಹೊಣೆಯನ್ನು ಸಂಘದ ಯುವ ಸದಸ್ಯರು ಹೊರಲಿ. ಇದಕ್ಕೆ ತಗಲುವ ವೆಚ್ಚ ಮುಖ್ಯ ಅತಿಥಿಗಳ ಹಾರ, ಶಾಲು, ಫಲಕಗಳಿಗೆ ತಗಲುವುದಕ್ಕಿಂತ ಹೆಚ್ಚಾಗಲಾರದು. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಇದನ್ನು ನಿರ್ಣಯವಾಗಿ ಮಂಡಿಸಲು ಅವಕಾಶ ಕೋರುತ್ತೇನೆ. ವಿರೋಧಿಸುವವರು ಎದ್ದು ನಿಂತು ತಮ್ಮ ಕಾರಣಗಳನ್ನು ಹೇಳಲಿ. ಅವನ್ನೂ ಇದೇ ಪತ್ರಿಕೆಯಲ್ಲಿ ಓದಲು ನಾನು ಸಿದ್ಧನಿದ್ದೇನೆ.