ಹೆಂಗಸರ ಕೈಗೆ ಇಸ್ಪೀಟೆಲೆ

ಇಸ್ಪೀಟು ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಮುಖ ಸಿಂಡರಿಸುವವರೇ ಹೆಚ್ಚು. ಗಂಡಸರು ಕ್ಲಬ್ಬಿನಲ್ಲಿ ಆಡಿದರೆ ಅದು ಟೈಂಪಾಸು. ಯುಗಾದಿಯ ದಿನ ಹಳೇ ಮೈಸೂರಿನ ಹಳ್ಳಿಗಳಲ್ಲಿ ಜಗಲಿಯ ಮೇಲೆ ಕೂತು ಆಡಿದರೆ ಅದು ಸಂಪ್ರದಾಯ. ಅದೇ ಎಲೆಗಳನ್ನು ನಾಲ್ಕು ಜನ ಹೆಂಗಸರು, ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು, ಚಾಪೆಯ ಮೇಲೆ ಹರಡಿಕೊಂಡು ಕೂತರೆ ಮಾತ್ರ ಮನೆಗೆ ಶನಿ ಹೊಕ್ಕಂತೆ! ಇದು ಯಾವ ಸೀಮೆಯ ನ್ಯಾಯ?

ನಾನು ಕೆಲವು ವರ್ಷಗಳಿಂದ ನಮ್ಮ ಬೀದಿಯ ಹೆಂಗಸರಿಗೆ ಅಷ್ಟಿಷ್ಟು ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ಸಂಬಳಕ್ಕಲ್ಲ, ಸರ್ಟಿಫಿಕೇಟಿಗೂ ಅಲ್ಲ. ಅಂಕಿಯನ್ನೂ ದುಡ್ಡಿನ ವ್ಯವಹಾರದ ಮಾತನ್ನೂ ಕಲಿಸುವುದಕ್ಕೆ ಐವತ್ತೆರಡು ಎಲೆಗಳ ಒಂದು ಕಟ್ಟಿಗಿಂತ ಒಳ್ಳೆಯ ಪಠ್ಯಪುಸ್ತಕ ನನಗಂತೂ ಸಿಕ್ಕಿಲ್ಲ. ಇದನ್ನು ಹೇಳಿದ್ದಕ್ಕೆ ಹಿರಿಯರೊಬ್ಬರು ನಮ್ಮ ಮನೆಯ ಬಾಗಿಲಿಗೇ ಬಂದು, "ಹೆಣ್ಣುಮಕ್ಕಳನ್ನು ಹಾಳುಮಾಡಬೇಡಿ ತಾಯಿ" ಎಂದು ಕೈಮುಗಿದು ಹೋದರು. ಅವರಿಗೆ ಮಾತ್ರವಲ್ಲ, ಅವರಂತೆ ಯೋಚಿಸುವ ಎಲ್ಲರಿಗೂ ನನ್ನ ಉತ್ತರ ಇಲ್ಲಿದೆ.

ಮೊದಲನೆಯ ಆಕ್ಷೇಪ, "ಒನ್, ಟೂ, ತ್ರೀ ಯಾರಿಗೆ ಬರುವುದಿಲ್ಲ? ಅದಕ್ಕೂ ಆಟ ಬೇಕೆ?" ಎಂಬುದು. ಬರುತ್ತದೆ ನಿಜ. ಮಗ್ಗಿಯ ಹಾಗೆ, ಸಹಸ್ರನಾಮದ ಹಾಗೆ, ಸಾಲಾಗಿ ಬರುತ್ತದೆ. ನಮ್ಮಲ್ಲಿ ಒಂದಕ್ಷರ ಇಂಗ್ಲಿಷ್ ಬಾರದವರೂ ತಮ್ಮ ಫೋನ್ ನಂಬರನ್ನು "ನೈನ್ ಎಯ್ಟ್ ಡಬಲ್ ಫೋರ್" ಎಂದು ಗಡಗಡ ಒಪ್ಪಿಸುತ್ತಾರೆ. ನಡುವೆ ತಡೆದು, ಆರನೆಯ ಅಂಕಿ ಯಾವುದು ಎಂದು ಕೇಳಿ ನೋಡಿ. ಮತ್ತೆ ಮೊದಲಿನಿಂದ ಶುರುಮಾಡಬೇಕು. ಆದರೆ ಅಂಗಡಿಯವನು ಸಾಲಾಗಿ ಹೇಳುವುದಿಲ್ಲ. "ಸೆವೆಂಟಿ ಸಿಕ್ಸ್" ಎಂದು ತಟ್ಟನೆ ಎಸೆಯುತ್ತಾನೆ, ಹಿಂದೆ ನಿಂತವರು ಗೊಣಗುತ್ತಾರೆ. ಆಗ ಒಂದರಿಂದ ಎಣಿಸುತ್ತ ನಿಲ್ಲಲಾದೀತೆ? ಕಲಸಿದ ಎಲೆಗೆ ಸಾಲು ಎಂಬುದಿಲ್ಲ. ಏಳರ ಹಿಂದೆ ಎರಡು, ಎರಡರ ಹಿಂದೆ ಒಂಬತ್ತು ಬರುತ್ತದೆ. ಅದಕ್ಕೇ ಅದು ಬಾಯಿಪಾಠಕ್ಕಿಂತ ಮೇಲು.

ಇನ್ನೊಂದು ತೊಡಕಿದೆ. ಕನ್ನಡದಲ್ಲಿ ಹದಿನೈದಕ್ಕೂ ಐವತ್ತಕ್ಕೂ ಯಾರೂ ಮೋಸಹೋಗುವುದಿಲ್ಲ. ಆದರೆ ಇಂಗ್ಲಿಷಿನಲ್ಲಿ ಫಿಫ್ಟೀನ್, ಫಿಫ್ಟಿ ಎರಡೂ ಅವಳಿ ಮಕ್ಕಳ ಹಾಗೆ. ಬಾಲದ ದನಿ ಬಿಟ್ಟರೆ ವ್ಯತ್ಯಾಸವೇ ಇಲ್ಲ. ಔಷಧಿ ಅಂಗಡಿಯವನು "ಒನ್ ಫಿಫ್ಟೀನ್" ಎಂದಾಗ ನೂರೈವತ್ತು ಕೊಟ್ಟು, ಚಿಲ್ಲರೆ ಕೇಳದೆ ಬಂದರೆ ಮೂವತ್ತೈದು ರೂಪಾಯಿ ಹೋಯಿತು.

ನಾವು ಆಡುವ ಆಟಗಳು ಬಹಳ ಸರಳ. ರಾಜ, ರಾಣಿ, ಗುಲಾಮರನ್ನು ತೆಗೆದಿಡುತ್ತೇವೆ. ಎಕ್ಕ ಎಂದರೆ ಒಂದು, ಹತ್ತು ಎಂದರೆ ಸೊನ್ನೆ. ಒಬ್ಬೊಬ್ಬರು ಎರಡೆರಡು ಎಲೆ ಎತ್ತಿ ಅಕ್ಕಪಕ್ಕ ಇಟ್ಟು ದೊಡ್ಡ ಸಂಖ್ಯೆ ಮಾಡಬೇಕು. ನಾಲ್ಕು ಮತ್ತು ಏಳು ಬಂದರೆ "ಸೆವೆಂಟಿ ಫೋರ್". ಬಾಯಿಬಿಟ್ಟು ಸರಿಯಾಗಿ ಹೇಳಿದರೆ ಮಾತ್ರ ಲೆಕ್ಕಕ್ಕೆ. ಮುಂದಿನ ಸುತ್ತಿನಲ್ಲಿ ಚಿಕ್ಕ ಸಂಖ್ಯೆ ಮಾಡಿದವರಿಗೆ ಗೆಲುವು. ಆಗ ಒಂದು ಮತ್ತು ಐದು ಬಂದವಳು "ಫಿಫ್ಟೀನ್" ಎನ್ನುತ್ತಾಳೆ, ಐದು ಮತ್ತು ಏಳು ಬಂದವಳು "ಫಿಫ್ಟಿ ಸೆವೆನ್" ಎನ್ನುತ್ತಾಳೆ. ಅವಳಿಗಳು ಎದುರುಬದುರು ನಿಲ್ಲುತ್ತವೆ, ಕಿವಿ ತಾನಾಗಿಯೇ ಚುರುಕಾಗುತ್ತದೆ.

ಎರಡನೆಯದು ಅಂಗಡಿ ಆಟ. ತೆಗೆದಿಟ್ಟ ರಾಜರಾಣಿಯರು ಇಲ್ಲಿ ನೋಟುಗಳು. ಗುಲಾಮ ನೂರು, ರಾಣಿ ಇನ್ನೂರು, ರಾಜ ಐನೂರು ಎಂದು ನಾನು ಗೊತ್ತುಮಾಡಿದ್ದೆ. ಗಾರ್ಮೆಂಟ್ಸ್‌ಗೆ ಹೋಗುವ ಒಬ್ಬಾಕೆ, "ಅಕ್ಕಾ, ಇಲ್ಲೂ ರಾಣಿ ರಾಜನಿಗಿಂತ ಕಡಿಮೆಯೇ?" ಎಂದು ಬಿಟ್ಟಳು. ಅಂದಿನಿಂದ ನಮ್ಮ ಚಾಪೆಯ ಮೇಲೆ ರಾಣಿಗೇ ಐನೂರು! ಎರಡು ಎಲೆ ಎತ್ತಿದರೆ ಬೆಲೆ, "ಎಯ್ಟಿ ಸಿಕ್ಸ್ ರುಪೀಸ್". ಕೊಳ್ಳುವವಳು ಗುಲಾಮನನ್ನು ಕೊಡುತ್ತಾಳೆ. ಮಾರುವವಳು "ಫೋರ್ಟೀನ್ ರುಪೀಸ್ ಚೇಂಜ್" ಎನ್ನಬೇಕು. "ಫಾರ್ಟಿ" ಎಂದಳೋ, ಇಪ್ಪತ್ತಾರು ರೂಪಾಯಿ ನಷ್ಟ. ಕೊಳ್ಳುವವಳು ಹಿಡಿದುಹಾಕಿದರೆ ಅವಳಿಗೊಂದು ಹುಣಸೆಬೀಜ. ಹೌದು, ನಮ್ಮ ಪಣವೆಲ್ಲ ಹುಣಸೆಬೀಜವೇ. ನಮ್ಮ ಅಜ್ಜಿಯರು ಚೌಕಾಬಾರ ಆಡಿದ್ದು, ಅಳಗುಳಿಮಣೆ ಆಡಿದ್ದು ಇಂಥ ಬೀಜ, ಕವಡೆಗಳಿಂದಲೇ ಅಲ್ಲವೆ? ಅವರು ಹಾಳಾದರೆಂದು ಯಾರೂ ಹೇಳಿದ್ದು ಕೇಳಿಲ್ಲ.

ಎರಡನೆಯ ಆಕ್ಷೇಪ ಜೂಜಿನದು. ಜೂಜು ಇರುವುದು ಎಲೆಯಲ್ಲಲ್ಲ, ಕಟ್ಟುವ ಹಣದಲ್ಲಿ. ಮೈಸೂರನ್ನು ಆಳಿದ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಎಲೆಗಳ ಆಟಕ್ಕೆ ಶ್ರೀತತ್ತ್ವನಿಧಿಯಂಥ ಗ್ರಂಥದಲ್ಲಿಯೇ ಜಾಗ ಕೊಟ್ಟರು. ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟು 1967ರಲ್ಲೇ ಹೇಳಿದೆ. ಆಡಿಸುವವನು ಲಾಭ ಹೊಡೆದರೆ ಅಪರಾಧವಾದೀತು ಎಂದೂ ಎಚ್ಚರಿಸಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಮಾಡಿತು. ಅದಕ್ಕೆ ಮೊದಲು ಎಷ್ಟು ಮನೆಗಳ ಗಂಡುಮಕ್ಕಳು ಕೋಣೆಯ ಬಾಗಿಲು ಹಾಕಿಕೊಂಡು ಮೊಬೈಲಿನಲ್ಲಿ ಸಂಬಳ ಕಳೆದರೋ! ಆಗ ಯಾವ ಹಿರಿಯರೂ ಬಾಗಿಲು ತಟ್ಟಿ ಕೈಮುಗಿಯಲಿಲ್ಲ. ನಮ್ಮ ಹುಣಸೆಬೀಜ ಮಾತ್ರ ಅವರ ಕಣ್ಣು ಕುಕ್ಕಿತು.

ಮೂರನೆಯ ಆಕ್ಷೇಪ ಕನ್ನಡಾಭಿಮಾನಿಗಳದು. "ನಮ್ಮ ಅಂಕಿಗಳಿಗೇನು ಕೊರತೆ?" ಎನ್ನುತ್ತಾರೆ. ಏನೂ ಕೊರತೆಯಿಲ್ಲ. ನೋಟಿನ ಹಿಂಭಾಗದಲ್ಲಿ ಹದಿನೈದು ಭಾಷೆಗಳ ಪಟ್ಟಿಯಿದೆ, ಅದರ ನಾಲ್ಕನೆಯ ಸಾಲು ಕನ್ನಡದ್ದು. ಅದನ್ನೂ ನಮ್ಮವರಿಗೆ ತೋರಿಸಿ ಓದಿಸುತ್ತೇನೆ. ಬಿಲ್ಲು ಕನ್ನಡದಲ್ಲಿ ಬರಲಿ, ಬ್ಯಾಂಕಿನವರು ಕನ್ನಡದಲ್ಲಿ ಮಾತಾಡಲಿ ಎಂದು ನೀವು ಹೋರಾಡಿ, ನಿಮ್ಮ ಜೊತೆ ನಾನೂ ಬರುತ್ತೇನೆ. ಆದರೆ ಆ ಹೋರಾಟ ಗೆಲ್ಲುವ ತನಕ ನಮ್ಮ ಹೆಂಗಸರು ಕೌಂಟರಿನ ಮುಂದೆ ಪಿಳಿಪಿಳಿ ಕಣ್ಣು ಬಿಡುತ್ತ ನಿಲ್ಲಬೇಕೆ? "ಟೂ ಫಿಫ್ಟಿ" ಎಂದರೆ ಎಷ್ಟು ಎಂದು ಅವರಿಗೆ ಈ ಸಂಜೆಯೇ ಗೊತ್ತಾಗಬೇಕು.

ಅಸಲು ಭಯ ಈ ಮೂರರಲ್ಲಿ ಯಾವುದೂ ಅಲ್ಲ ಎಂದು ನನ್ನ ಅನುಮಾನ. ಲೆಕ್ಕದ ಮಾತು ಬಾರದ ಹೆಂಗಸು ಪರ್ಸನ್ನು ಗಂಡನ ಕೈಗೆ, ಎಟಿಎಂ ಕಾರ್ಡನ್ನು ಮಗನ ಕೈಗೆ, ಮೊಬೈಲಿಗೆ ಬಂದ ಓಟಿಪಿಯನ್ನು ಯಾರು ಯಾರ ಕೈಗೋ ಕೊಡುತ್ತಾಳೆ. ತಾನು ದುಡಿದ ದುಡ್ಡು ಎಷ್ಟಿದೆ ಎಂದು ಇನ್ನೊಬ್ಬರನ್ನು ಕೇಳಿ ತಿಳಿಯುತ್ತಾಳೆ. ಅಂಕಿ ಅವಳ ನಾಲಿಗೆಗೆ ಬಂದರೆ ಪರ್ಸೂ ಅವಳ ಕೈಗೆ ಬರುತ್ತದೆ. "ಇದಕ್ಕೇಕೆ ಇಷ್ಟು?" ಎಂಬ ಪ್ರಶ್ನೆಯೂ ಅದರ ಹಿಂದೆಯೇ ಬರುತ್ತದೆ. ಇಸ್ಪೀಟು ಮನೆ ಮುರಿಯುತ್ತದೆ ಎನ್ನುವವರು ಹೆದರುವುದು ಈ ಪ್ರಶ್ನೆಗೆ.

ಆದ್ದರಿಂದ, ಅಕ್ಕತಂಗಿಯರೇ, ನಿಮ್ಮ ಮನೆಯ ಅಟ್ಟದ ಮೇಲೋ ಮೇಜಿನ ಡ್ರಾಯರಿನಲ್ಲೋ ಒಂದು ಹಳೆಯ ಕಟ್ಟು ಬಿದ್ದಿರುತ್ತದೆ, ಹುಡುಕಿ. ಒಂದೆರಡು ಎಲೆ ಕಡಿಮೆಯಿದ್ದರೂ ಅಡ್ಡಿಯಿಲ್ಲ. ಮನೆಗೆಲಸಕ್ಕೆ ಬರುವವಳನ್ನೂ ಪಕ್ಕದ ಮನೆಯ ಅತ್ತೆಯನ್ನೂ ಕೂರಿಸಿಕೊಳ್ಳಿ. ಯಾರಾದರೂ ಬಂದು ಬುದ್ಧಿ ಹೇಳಿದರೆ ಅವರ ಕೈಗೂ ಎರಡು ಎಲೆ ಕೊಟ್ಟು, ಇಂಗ್ಲಿಷಿನಲ್ಲಿ ಎಷ್ಟಾಯಿತು ಹೇಳಿ ಎನ್ನಿ.