"ರೂಲ್ಸ್ ಎಲ್ಲರಿಗೂ ಒಂದೇ" ಅಂತೆ!



ಮೊನ್ನೆ ಭಾನುವಾರ ನಮ್ಮ ಓದಿನ ಗುಂಪಿನ ಸಭೆ ಮುಗಿಸಿ ಟೀ ಅಂಗಡಿ ಮುಂದೆ ನಿಂತಿದ್ವಿ. ಫುಟ್‌ಬಾಲ್ ಮಾತು ಬಂತು. ಗುಂಪಿನ ಹುಡುಗನೊಬ್ಬ, ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಮ್ಯಾಚುಗಳನ್ನು ರಾತ್ರಿ ನಿದ್ದೆಗೆಟ್ಟು ನೋಡುವವನು, "ಅಣ್ಣಾ, ಅಲ್ಲಿ ಕ್ಲಬ್‌ಗಳು ಎಷ್ಟು ನಷ್ಟ ಮಾಡ್ಕೋಬಹುದು ಅಂತ ರೂಲ್ಸ್ ಇದೆ. ದೊಡ್ಡವರಿಗೂ ಅದೇ, ಚಿಕ್ಕವರಿಗೂ ಅದೇ. ಎಲ್ಲಾ ಕಡೆ ಹಂಗಿದ್ದಿದ್ರೆ ಎಷ್ಟು ಚೆನ್ನಾಗಿರೋದು" ಅಂದ. "ದೊಡ್ಡವರಿಗೂ ಅದೇ, ಚಿಕ್ಕವರಿಗೂ ಅದೇ" ಅನ್ನೋ ಮಾತು ಕಿವಿಗೆ ಬಿದ್ದರೆ ನಾನು ಸುಮ್ಮನಿರೋ ಜಾತಿ ಅಲ್ಲ. ಅವನಿಗೆ ಅಲ್ಲೇ ಅರ್ಧ ಉತ್ತರ ಕೊಟ್ಟೆ. ಉಳಿದರ್ಧ ಇಲ್ಲಿ ಬರೀತಿದ್ದೀನಿ. ಉದ್ದ ಇದೆ, ಬಿಡುವಾದಾಗ ಓದಿ.

ದಲಿತ ಚಳವಳಿಯವನಿಗೆ ಫುಟ್‌ಬಾಲ್ ಯಾಕೆ ಅಂತ ಕೇಳುವವರು ಒಮ್ಮೆ ಬೆಂಗಳೂರಿನ ಗೌತಮಪುರಕ್ಕೆ ಹೋಗಿ ಬನ್ನಿ. ಬಾಬಾಸಾಹೇಬರ ಪ್ರತಿಮೆ ಇರುವ ಆ ಬಡಾವಣೆಯಲ್ಲೇ ಪೆಲೆಯ ಪ್ರತಿಮೆಯೂ ಇದೆ. ಅಷ್ಟು ಸಾಕು, ವಿಷಯಕ್ಕೆ ಬರ್ತೀನಿ.

ಆ ನಿಯಮವನ್ನು ಪಿಎಸ್‌ಆರ್ ಅಂತಾರೆ. ಲಾಭ ಮತ್ತು ಸುಸ್ಥಿರತೆಯ ನಿಯಮ ಅಂತ ಅರ್ಥ. 2025-26ರವರೆಗಿನ ಈ ನಿಯಮದ ಪ್ರಕಾರ ಮೂರು ವರ್ಷದ ಲೆಕ್ಕ ಸೇರಿಸಿ ನೋಡಿದಾಗ ಒಂದು ಕ್ಲಬ್ಬಿನ ನಷ್ಟ 10.5 ಕೋಟಿ ಪೌಂಡ್ ದಾಟಬಾರದು. ಮಾಲೀಕ ತನ್ನ ಜೇಬಿಂದ ಎಷ್ಟೇ ಹಾಕಲು ತಯಾರಿದ್ದರೂ ಅಷ್ಟೇ ಮಿತಿ. ದಾಟಿದರೆ ಪಾಯಿಂಟ್ ಕಡಿತ.

ಕೇಳೋಕೆ ಎಷ್ಟು ನ್ಯಾಯವಾಗಿದೆ ನೋಡಿ. ಆದರೆ ಮೊದಲ ಸುಳ್ಳು ಇಲ್ಲೇ ಇದೆ. 10.5 ಕೋಟಿ ಎಲ್ಲರಿಗೂ ಅಲ್ಲ. ಮೇಲಿನ ಲೀಗಿನಲ್ಲಿ ಆಡಿದ ವರ್ಷಕ್ಕೆ 3.5 ಕೋಟಿ, ಕೆಳಗಿನ ಚಾಂಪಿಯನ್‌ಶಿಪ್‌ನಲ್ಲಿ ಆಡಿದ ವರ್ಷಕ್ಕೆ ಬರೀ 1.3 ಕೋಟಿ. ನಾಟಿಂಗ್‌ಹ್ಯಾಮ್ ಫಾರೆಸ್ಟ್ 23 ವರ್ಷ ಕೆಳಗಿದ್ದು 2022ರಲ್ಲಿ ಮೇಲೆ ಬಂತು. ಅದರ ಮೂರು ವರ್ಷದ ಲೆಕ್ಕದಲ್ಲಿ ಎರಡು ವರ್ಷ ಕೆಳಗಿನದು. ಹಾಗಾಗಿ ಅದರ ಮಿತಿ 6.1 ಕೋಟಿ. ಅದೇ ಮೈದಾನದಲ್ಲಿ, ಅದೇ ಶನಿವಾರ, ಎದುರಾಳಿಯ ಮಿತಿ 10.5 ಕೋಟಿ. ಮೇಲಿರುವವರನ್ನು ಹಿಡಿಯಬೇಕಾದವನಿಗೆ ಹೆಚ್ಚು ಖರ್ಚು, ಕಡಿಮೆ ಅನುಮತಿ. ತಲೆಮಾರುಗಟ್ಟಲೆ ಶಾಲೆಗೆ ಸೇರಿಸದೆ ಇಟ್ಟು, ಕಡೆಗೊಮ್ಮೆ ಒಳಗೆ ಬಿಟ್ಟಾಗ "ಹಿಂದಿನ ಮಾರ್ಕ್ಸ್ ಕಾರ್ಡ್ ತೋರಿಸು" ಅಂದ ಹಾಗೆ.

ಫಾರೆಸ್ಟ್ ಮಿತಿಯನ್ನು 3.45 ಕೋಟಿ ಮೀರಿತು. 2024ರ ಮಾರ್ಚ್‌ನಲ್ಲಿ ನಾಲ್ಕು ಪಾಯಿಂಟ್ ಕಿತ್ತುಕೊಂಡರು. ಆ ಕೇಸಿನೊಳಗೆ ಒಬ್ಬ ಹುಡುಗನ ಕಥೆ ಇದೆ. ಬ್ರೆನ್ನನ್ ಜಾನ್ಸನ್. ನಾಟಿಂಗ್‌ಹ್ಯಾಮ್‌ನಲ್ಲೇ ಹುಟ್ಟಿದವನು, ಅಪ್ಪನೂ ಇದೇ ಕ್ಲಬ್ಬಿಗೆ ಆಡಿದವರು, ಇವನು ಎಂಟು ವರ್ಷದಿಂದ ಕ್ಲಬ್ಬಿನ ಅಕಾಡೆಮಿಯಲ್ಲಿ ಬೆಳೆದವನು. ಲೆಕ್ಕದ ವರ್ಷ ಮುಗಿಯೋದು ಜೂನ್ 30ಕ್ಕೆ. ಅವನನ್ನು ಆವತ್ತಿಗೆ ಮುಂಚೆ ಮಾರಿದ್ದರೆ ಮೀರಿದ ಮೊತ್ತ ಬಹುಪಾಲು ಸರಿಹೋಗುತ್ತಿತ್ತು. ಫಾರೆಸ್ಟ್ ಕಾದು, 2023ರ ಸೆಪ್ಟೆಂಬರ್ 1ರಂದು ಸುಮಾರು 4.75 ಕೋಟಿಗೆ ಟಾಟನ್‌ಹ್ಯಾಮ್‌ಗೆ ಮಾರಿತು. "ಅವಸರಪಟ್ಟಿದ್ದರೆ ಕಡಿಮೆ ಬೆಲೆಗೆ ಹೋಗ್ತಿದ್ದ, ಕಾದಿದ್ದರಿಂದ ಹೆಚ್ಚು ಬಂತು, ಇದು ಸುಸ್ಥಿರತೆ ಅಲ್ವಾ?" ಅಂತ ವಾದ ಮಾಡಿದರು. ಒಪ್ಪಲಿಲ್ಲ. ನೆನಪಿಡಿ, ಕ್ಲಬ್ಬಿನ ತಪ್ಪು ಊರ ಹುಡುಗನನ್ನು ಮಾರಿದ್ದಲ್ಲ. ಎರಡು ತಿಂಗಳು ತಡವಾಗಿ ಮಾರಿದ್ದು!

ಊರ ಹುಡುಗನೇ ಯಾಕೆ ಅಂತೀರಾ? ಇದು ಗುಮಾಸ್ತನಾದ ನನಗೆ ಚೆನ್ನಾಗಿ ಅರ್ಥ ಆಗೋ ವಿಷಯ, ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಕಚೇರಿಗೆ ಒಂದು ಜನರೇಟರ್ ಕೊಂಡರೆ ಪೂರ್ತಿ ಬೆಲೆ ಒಂದೇ ವರ್ಷದ ಖರ್ಚಿಗೆ ಹಾಕಲ್ಲ, ವರ್ಷವರ್ಷ ಸವಕಳಿ ಅಂತ ಇಷ್ಟಿಷ್ಟೇ ಬರೀತೀವಿ. ಅಲ್ಲಿ ಆಟಗಾರನೂ ಹಾಗೇ. ಐದು ವರ್ಷದ ಕರಾರಿಗೆ 10 ಕೋಟಿ ಕೊಟ್ಟು ಕೊಂಡರೆ ವರ್ಷಕ್ಕೆ 2 ಕೋಟಿ ಮಾತ್ರ ಖರ್ಚು. ಇನ್ನು ಎರಡು ವರ್ಷಕ್ಕೆ ಅವನನ್ನು ಮಾರಿದರೆ ಪುಸ್ತಕದಲ್ಲಿ ಉಳಿದಿರೋ 6 ಕೋಟಿ ಕಳೆದು ಮಿಕ್ಕಿದ್ದು ಲಾಭ. ಆದರೆ ಎಂಟನೇ ವಯಸ್ಸಿಗೆ ಕ್ಲಬ್ಬಿಗೆ ಬಂದ ಊರ ಹುಡುಗನಿಗೆ ಕೊಳ್ಳುವ ಬೆಲೆಯೇ ಕೊಟ್ಟಿಲ್ಲವಲ್ಲ. ಪುಸ್ತಕದಲ್ಲಿ ಅವನ ಬೆಲೆ ಸೊನ್ನೆ. ಮಾರಿದರೆ ಬಂದದ್ದೆಲ್ಲ ಅದೇ ವರ್ಷದ ಲಾಭ. ಇದಕ್ಕೆ ಅವರು ಇಟ್ಟಿರೋ ಹೆಸರು "ಶುದ್ಧ ಲಾಭ". ಶುದ್ಧ ಅನ್ನೋ ಪದ ಎಲ್ಲೆಲ್ಲಿ ಬರುತ್ತೆ ನೋಡಿ!

ಕೊಂಡದ್ದು ಐದು ವರ್ಷಕ್ಕೆ ಹಂಚಿಹೋಗುತ್ತೆ, ಮಾರಿದ್ದು ಒಂದೇ ದಿನಕ್ಕೆ ಜಮಾ ಆಗುತ್ತೆ. ಈ ಒಂದು ಬಿರುಕಿನಲ್ಲಿ ಇಡೀ ವ್ಯಾಪಾರ ನುಗ್ಗಿದೆ. ಚೆಲ್ಸಿ ಎಂಟೂವರೆ ವರ್ಷದ ಕರಾರು ಮಾಡಿ ಖರ್ಚನ್ನು ಇನ್ನೂ ತೆಳ್ಳಗೆ ಹರಡಿತು. ಆಮೇಲೆ ಐದೇ ವರ್ಷ ಅಂತ ಮಿತಿ ತಂದರು.

2024ರ ಜೂನ್ ಕೊನೆಯಲ್ಲಿ ನಡೆದದ್ದು ನಮ್ಮ ಮಾರ್ಚ್ ಕೊನೆಯ ವಾರದ ಗಡಿಬಿಡಿಯ ಹಾಗೇ ಇತ್ತು. ಚೆಲ್ಸಿಯಿಂದ ಇಯಾನ್ ಮಾಟ್ಸನ್ ಆಸ್ಟನ್ ವಿಲ್ಲಾಕ್ಕೆ, ವಿಲ್ಲಾದಿಂದ 18 ವರ್ಷದ ಒಮಾರಿ ಕೆಲ್ಲಿಮನ್ ಚೆಲ್ಸಿಗೆ. ವಿಲ್ಲಾದಿಂದ ಟಿಮ್ ಇರೊಗ್ಬುನಮ್ ಎವರ್ಟನ್‌ಗೆ, ಎವರ್ಟನ್‌ನಿಂದ ಲೂಯಿಸ್ ಡಾಬಿನ್ ವಿಲ್ಲಾಕ್ಕೆ. ನೀನು ನನ್ನ ಹುಡುಗನನ್ನು ತಗೋ, ನಾನು ನಿನ್ನ ಹುಡುಗನನ್ನು ತಗೋತೀನಿ, ಇಬ್ಬರ ಪುಸ್ತಕದಲ್ಲೂ ಲಾಭ. ನ್ಯೂಕ್ಯಾಸಲ್ ಕ್ಲಬ್ ಎಲಿಯಟ್ ಆಂಡರ್ಸನ್‌ನನ್ನು ಸುಮಾರು 3.5 ಕೋಟಿಗೆ ಮಾರಿತು. ಆ ಊರಿನ ಕಡೆಯವನು, ಬಾಲ್ಯದಿಂದ ಅಲ್ಲೇ ಇದ್ದವನು, ಅವನ ತಾತನೂ ಅದೇ ಕ್ಲಬ್ಬಿಗೆ ಆಡಿದವರು. ಮಾರೋಕೆ ಇಷ್ಟ ಇರಲಿಲ್ಲ ಅಂತ ತರಬೇತುದಾರ ಎಡ್ಡಿ ಹೋವ್ ಬಹಿರಂಗವಾಗೇ ಹೇಳಿದರು. ಯಾರು ಕೊಂಡದ್ದು ಗೊತ್ತಾ? ಫಾರೆಸ್ಟ್. ತನ್ನ ಊರ ಹುಡುಗನನ್ನು ತಡವಾಗಿ ಮಾರಿ ದಂಡ ತೆತ್ತ ಕ್ಲಬ್ಬು, ಮರುವರ್ಷ ಇನ್ನೊಬ್ಬರ ಊರ ಹುಡುಗನನ್ನು ಗಡುವಿಗೆ ಸರಿಯಾಗಿ ಕೊಂಡುಕೊಂಡಿತು. 2025ರ ಸೆಪ್ಟೆಂಬರ್‌ನಲ್ಲಿ ಅವನು ಇಂಗ್ಲೆಂಡ್ ತಂಡದಲ್ಲಿ ಆಡಿದ.

ಹಾಂ, ನ್ಯೂಕ್ಯಾಸಲ್‌ಗಾಗಿ ನಾನು ಕಣ್ಣೀರು ಹಾಕ್ತಿಲ್ಲ. ಅದರ ಮಾಲೀಕ ಸೌದಿ ಸರ್ಕಾರದ ಹೂಡಿಕೆ ನಿಧಿ. ಕೋಟಿ ಸಂಬಳದ ಆಟಗಾರನನ್ನು ನಮ್ಮ ಕೇರಿಯ ಹುಡುಗನಿಗೆ ಹೋಲಿಸುವಷ್ಟು ತಲೆ ಕೆಟ್ಟಿಲ್ಲ ನನಗೆ. ಈ ಜಗಳ ಬಹುಮಟ್ಟಿಗೆ ಹಳೇ ಜಮೀನ್ದಾರರಿಗೂ ಹೊಸ ಎಣ್ಣೆ ದೊರೆಗಳಿಗೂ ನಡೀತಿರೋದು. ನನ್ನ ತಕರಾರು ನಿಯಮದ ರಚನೆ ಬಗ್ಗೆ.

ನಿಯಮವೇ ಬೇಡ ಅನ್ನೋರ ಜೊತೆಗೂ ನಾನಿಲ್ಲ. 1885ರಲ್ಲಿ ಹುಟ್ಟಿದ ಬ್ಯೂರಿ ಕ್ಲಬ್ಬನ್ನು 2019ರಲ್ಲಿ ಲೀಗಿಂದ ಹೊರಹಾಕಿದರು, ಮಾಲೀಕನ ಲೆಕ್ಕ ಹಳ್ಳ ಹಿಡಿದಿದ್ದಕ್ಕೆ. 2010ರಲ್ಲಿ ಪೋರ್ಟ್ಸ್‌ಮತ್ ದಿವಾಳಿಯಾದಾಗ ಅಲ್ಲಿನ ಪದ್ಧತಿ ಪ್ರಕಾರ ಆಟಗಾರರಿಗೆ, ಬೇರೆ ಕ್ಲಬ್‌ಗಳಿಗೆ ಪೂರ್ತಿ ಬಾಕಿ ಮೊದಲು. ಉಳಿದವರು ಸಾಲಲ್ಲಿ ನಿಲ್ಲಬೇಕು. ಆ ಸಾಲಲ್ಲಿ ಮೈದಾನದಲ್ಲಿ ಪ್ರಥಮ ಚಿಕಿತ್ಸೆ ಮಾಡುವ ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆಯೂ ಇತ್ತು. ಬೇಕಾಬಿಟ್ಟಿ ಖರ್ಚಿನ ಪೆಟ್ಟು ಯಾವಾಗಲೂ ಕೆಳಗಿನವನಿಗೇ. ಬೇಲಿ ಬೇಕೇ ಬೇಕು. ಆದರೆ ಈ ಬೇಲಿ ಯಾರ ಹೊಲದ ಸುತ್ತ ಹಾಕಿದ್ದು?

ದೊಡ್ಡವರಿಗೆ ಬೇಲಿಯಲ್ಲಿ ಗೇಟು ಇತ್ತು. ಚೆಲ್ಸಿ ತನ್ನ ಎರಡು ಹೋಟೆಲ್‌ಗಳನ್ನು 7.65 ಕೋಟಿಗೆ ಮಾರಿತು. ಯಾರಿಗೆ? ತನ್ನದೇ ಮಾಲೀಕರ ಇನ್ನೊಂದು ಕಂಪನಿಗೆ. ಆಮೇಲೆ ತನ್ನ ಮಹಿಳಾ ತಂಡವನ್ನೂ ಹಾಗೇ ಸುಮಾರು 20 ಕೋಟಿಗೆ ತನ್ನವರಿಗೇ ಮಾರಿ, ಆ ವರ್ಷದ ನಷ್ಟವನ್ನು ಲಾಭ ಮಾಡಿಕೊಂಡಿತು. ಬಲಗೈ ಎಡಗೈಗೆ ಮಾರಿತು. ಪ್ರೀಮಿಯರ್ ಲೀಗಿನ ಪುಸ್ತಕದಲ್ಲಿ ಇದಕ್ಕೆ ತಡೆ ಇರಲಿಲ್ಲ, 2024ರಲ್ಲಿ ತಡೆ ಹಾಕೋಣ ಅಂದಾಗ ಸಾಕಷ್ಟು ಮತ ಬೀಳಲಿಲ್ಲ. ಯುರೋಪಿನ ಒಕ್ಕೂಟ ಯುಇಎಫ್‌ಎ ಮಾತ್ರ ಈ ಲೆಕ್ಕ ಒಪ್ಪದೆ 2025ರಲ್ಲಿ ದಂಡ ಹಾಕಿತು. ಮಾರೋಕೆ ಹೋಟೆಲ್ ಇರೋರು ಹೋಟೆಲ್ ಮಾರ್ತಾರೆ. ಇಲ್ಲದವರು ಹುಡುಗರನ್ನು ಮಾರ್ತಾರೆ.

ಶಿಕ್ಷೆಯ ವೇಗವನ್ನೂ ನೋಡಿ. ಲಿವರ್‌ಪೂಲ್ ನಗರದ ಎವರ್ಟನ್ ಮೇಲೆ ಆರೋಪ ಬಂದದ್ದು 2023ರ ಮಾರ್ಚ್‌ನಲ್ಲಿ. ನವೆಂಬರ್‌ಗೆ ಹತ್ತು ಪಾಯಿಂಟ್ ಹೋಯ್ತು. ಮೀರಿದ್ದು 1.95 ಕೋಟಿ. ಮೇಲ್ಮನವಿಯಲ್ಲಿ ಆರಕ್ಕೆ ಇಳಿಸಿ, ಏಪ್ರಿಲ್‌ನಲ್ಲಿ ಇನ್ನೊಂದು ಕೇಸಲ್ಲಿ ಮತ್ತೆರಡು ಕಿತ್ತರು. ಮ್ಯಾಂಚೆಸ್ಟರ್ ಸಿಟಿ ಮೇಲೆ ನೂರಕ್ಕೂ ಹೆಚ್ಚು ಆರೋಪ ಹೊರಿಸಿದ್ದು ಅದಕ್ಕೂ ಮುಂಚೆ, 2023ರ ಫೆಬ್ರುವರಿಯಲ್ಲಿ. ವಿಚಾರಣೆ ಶುರುವಾಗಿದ್ದೇ 2024ರ ಸೆಪ್ಟೆಂಬರ್‌ನಲ್ಲಿ. ಸಿಟಿ ಎಲ್ಲವನ್ನೂ ನಿರಾಕರಿಸಿದೆ, ತಪ್ಪು ಮಾಡಿದೆ ಅಂತ ನಾನೂ ಹೇಳ್ತಿಲ್ಲ. ಎವರ್ಟನ್ ತನ್ನ ಲೆಕ್ಕ ಮೀರಿದ್ದನ್ನು ಒಪ್ಪಿಕೊಂಡಿತ್ತು, ಕೇಸೂ ಚಿಕ್ಕದು, ಅದೂ ನಿಜ. ಆದರೆ ಒಪ್ಪಿಕೊಂಡವನಿಗೆ ಎಂಟು ತಿಂಗಳಲ್ಲಿ ಶಿಕ್ಷೆ, ದೊಡ್ಡ ವಕೀಲರ ಪಡೆ ಇಟ್ಟವನಿಗೆ ವರ್ಷಗಟ್ಟಲೆ ಕಾಲಾವಕಾಶ. ಕೋರ್ಟು ಕಚೇರಿ ಅಲೆದವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾ?

ಈಗ ಹೊಸ ನಿಯಮ ತಂದಿದ್ದಾರೆ, 2026-27ರಿಂದ. ಆಟಗಾರರ ಮೇಲಿನ ಖರ್ಚು ಆದಾಯದ ಶೇ 85 ದಾಟಬಾರದು. ಅಸಲಿ ಮಾತು ಇಲ್ಲಿದೆ. 2023-24ರಲ್ಲಿ ಸಿಟಿಯ ಆದಾಯ 71.5 ಕೋಟಿ ಪೌಂಡ್, ನ್ಯೂಕ್ಯಾಸಲ್‌ದು ಸುಮಾರು 32 ಕೋಟಿ. ಶೇ 85 ಅಂದರೆ ಒಬ್ಬರಿಗೆ 60 ಕೋಟಿಗೂ ಮೇಲೆ, ಇನ್ನೊಬ್ಬರಿಗೆ 27 ಕೋಟಿ ಚಿಲ್ಲರೆ. ಶೇಕಡಾವಾರು ಒಂದೇ, ದುಡ್ಡು ಎರಡರಷ್ಟಕ್ಕೂ ಜಾಸ್ತಿ. ಟಿವಿ ಹಣವನ್ನು ಪ್ರೀಮಿಯರ್ ಲೀಗ್ ಸಾಕಷ್ಟು ಸಮನಾಗೇ ಹಂಚುತ್ತೆ, ಅದು ಒಳ್ಳೇದೇ. ಆದರೆ ಪ್ರಾಯೋಜಕರ ಹಣ, ದೊಡ್ಡ ಕ್ರೀಡಾಂಗಣದ ಟಿಕೆಟ್, ಯುರೋಪಿನ ಟೂರ್ನಿಗಳ ದುಡ್ಡು ಎಲ್ಲ ನಿನ್ನೆ ಗೆದ್ದವರ ಮನೆಗೆ ಹೋಗುತ್ತೆ. ಟೆಂಡರ್ ಪ್ರಕಟಣೆ ಓದಿದವರಿಗೆ ಗೊತ್ತು. "ಯಾರು ಬೇಕಾದರೂ ಭಾಗವಹಿಸಬಹುದು" ಅಂತ ಮೇಲಿರುತ್ತೆ. ಕೆಳಗೆ "ಹಿಂದಿನ ವರ್ಷಗಳ ವಹಿವಾಟು ಇಷ್ಟು ಕೋಟಿ ಇರಬೇಕು" ಅಂತಿರುತ್ತೆ. ಜಾತಿ ಹೆಸರು ಎಲ್ಲೂ ಬರೆದಿರಲ್ಲ.

ಬೇರೆ ದಾರಿ ಇತ್ತು. ಕೊನೇ ಸ್ಥಾನದ ಕ್ಲಬ್ಬಿಗೆ ಲೀಗಿನಿಂದ ಸಿಗೋ ಹಣದ ಐದು ಪಟ್ಟು, ಅದಕ್ಕಿಂತ ಹೆಚ್ಚು ಯಾರೂ ತಂಡದ ಮೇಲೆ ಖರ್ಚು ಮಾಡೋ ಹಾಗಿಲ್ಲ ಅನ್ನೋ ಪ್ರಸ್ತಾವ. ಮೇಲಿನವನ ಛಾವಣಿಯನ್ನು ಕೆಳಗಿನವನ ನೆಲಕ್ಕೆ ಕಟ್ಟಿಹಾಕೋದು. ಆಟಗಾರರ ಸಂಘ ವಿರೋಧಿಸಿತು. ದುಡಿಯುವವನ ಕೂಲಿಗೆ ಮಿತಿ ಅಂದಾಗ ಸಂಘ ವಿರೋಧಿಸೋದು ನನಗೆ ಅರ್ಥ ಆಗುತ್ತೆ, ಅದರ ಜೊತೆ ಕೂತು ಮಾತಾಡಬಹುದಿತ್ತು. ಆದರೆ 2025ರ ನವೆಂಬರ್‌ನಲ್ಲಿ ಮತಕ್ಕೆ ಹಾಕಿದಾಗ ಕ್ಲಬ್‌ಗಳೇ ಬೀಳಿಸಿದವು. ಬೇಕಿದ್ದದ್ದು 14, ಬಂದದ್ದು 7.

ಅಲ್ಲಿ 20 ಕ್ಲಬ್‌ಗಳಿಗೂ ಒಂದೊಂದೇ ಮತ. ಸಿಟಿಗೂ ಒಂದು, ನಿನ್ನೆ ಮೇಲೆ ಬಂದವನಿಗೂ ಒಂದು. ಮತದಲ್ಲಿ ಸಮ, ತಿಜೋರಿಯಲ್ಲಿ ಅಸಮ. 1949ರ ನವೆಂಬರ್ 25ರಂದು ಬಾಬಾಸಾಹೇಬರು ಸಂವಿಧಾನ ಸಭೆಯಲ್ಲಿ ನಿಂತು ಎಚ್ಚರಿಸಿದ್ದು ಇದೇ ವೈರುಧ್ಯದ ಬಗ್ಗೆ.

ನನ್ನ ಹುಡುಗ ಎಲ್ಲಾ ಕೇಳಿ, "ಹಂಗಾದ್ರೆ ಮ್ಯಾಚ್ ನೋಡೋದೇ ಬೇಡ್ವಾ ಅಣ್ಣಾ?" ಅಂದ. ನೋಡಪ್ಪ, ಧಾರಾಳವಾಗಿ ನೋಡು. ಆದ್ರೆ ಮುಂದಿನ ಭಾನುವಾರ ಬರುವಾಗ ಆ ನವೆಂಬರ್ 25ರ ಭಾಷಣ ಓದ್ಕೊಂಡು ಬಾ ಅಂದಿದ್ದೀನಿ. ಬೇರೆಯವರೂ ಓದ್ಕೊಂಡು ಬನ್ನಿ. ಬೆಳಿಗ್ಗೆ ಹತ್ತೂವರೆಗೆ, ಮಾಮೂಲಿ ಜಾಗ.

ಜೈ ಭೀಮ್.