ಹಾಡು ಚಳವಳಿಯದ್ದು ಸರಿ, ದನಿ ಯಾರದ್ದು?



ನಮ್ಮ ಸಂಘಟನೆಗಳೊಳಗ ಒಂದು ಮಾತು ಬಹಳ ವರ್ಷದಿಂದ ಐತಿ. ಹೋರಾಟದ ಹಾಡುಗಾರ ತನ್ನ ಹೆಸರಿನಲ್ಲಿ ಒಂದು ಆಲ್ಬಂ ಮಾಡ್ತೀನಿ ಅಂದ್ರ ಸಾಕು, "ಅಂವ ಈಗ ಕಲಾವಿದ ಆಗ್ಯಾನ, ಇನ್ನ ಚಳವಳಿ ಬಿಟ್ಟಂಗ" ಅಂತಾರ. ಈ ಮಾತು ನಮಗ ಬಹಳ ನಷ್ಟ ಮಾಡೈತಿ ಅನ್ನೋದು ನನ್ನ ವಾದ. ಅದಕ್ಕ ಲಂಡನ್ನಿನ ಒಬ್ಬ ಹೆಣ್ಣುಮಗಳ ಉದಾಹರಣೆ ಕೊಡ್ತೀನಿ.

ಪಾಲಿ ಸ್ಟೈರೀನ್ ಅನ್ನೋದು ಆಕಿ ತಾನೇ ಇಟ್ಟುಕೊಂಡ ಹೆಸರು. ಅಪ್ಪ ಸೊಮಾಲಿಯಾದವರು, ಅವ್ವ ಬಿಳಿಯ ಬ್ರಿಟಿಷ್ ಹೆಣ್ಣುಮಗಳು. ಕರಿಯರಿಗೂ ಪೂರ್ತಿ ಸೇರದ, ಬಿಳಿಯರಿಗೂ ಸೇರದ ಹುಡುಗಿ. 1976ರಲ್ಲಿ ತನ್ನ 19ನೇ ಹುಟ್ಟುಹಬ್ಬದ ದಿನ 'ಸೆಕ್ಸ್ ಪಿಸ್ಟಲ್ಸ್' ತಂಡದ ಕಾರ್ಯಕ್ರಮ ನೋಡಿದ್ಲು. ಇವರಿಗೆ ಆಗೋದಾದ್ರ ನನಗೂ ಆಗ್ತೈತಿ ಅಂತ ಪತ್ರಿಕೆಯೊಳಗ ಜಾಹೀರಾತು ಕೊಟ್ಟು 'ಎಕ್ಸ್-ರೇ ಸ್ಪೆಕ್ಸ್' ತಂಡ ಕಟ್ಟಿದ್ಲು. ಪಂಕ್ ಸಂಗೀತದ ಗುಣನೇ ಅದು. ಗುರು ಬೇಡ, ಘರಾಣೆ ಬೇಡ, ಗಿಟಾರಿನ ಮೂರು ಕಾರ್ಡ್ ಬಂದ್ರ ಸಾಕು, ಹೊಟ್ಟ್ಯಾಗ ಸಿಟ್ಟಿದ್ರ ವೇದಿಕೆ ಹತ್ತು. 1978ರ ಏಪ್ರಿಲ್ 30ಕ್ಕೆ ಲಂಡನ್ನಿನ ವಿಕ್ಟೋರಿಯಾ ಪಾರ್ಕಿನಲ್ಲಿ ವರ್ಣಭೇದದ ವಿರುದ್ಧ ಹತ್ತಾರು ಸಾವಿರ ಜನ ಸೇರಿದಾಗ ಆಕಿ ಅಲ್ಲಿ ಹಾಡಿದ್ಲು.

ಮುಂದಿನ ವರ್ಷವೇ ತಂಡ ಬಿಟ್ಟಳು. ಮನಸ್ಸಿನ ಕಾಯಿಲೆ ಕಾಡಿತು. ಡಾಕ್ಟರುಗಳು ಮೊದಲು ಸ್ಕಿಜೋಫ್ರೇನಿಯಾ ಅಂದ್ರು, ಅದು ಬೈಪೋಲಾರ್ ಅಂತ ಗೊತ್ತಾಗಲಿಕ್ಕೆ ವರ್ಷಗಳೇ ಹಿಡಿದವು. ನಡುವೆ ಹರೇ ಕೃಷ್ಣ ಪಂಥ ಸೇರಿದ್ಲು. ಆ ದಾರಿ ನಮಗ ಒಪ್ಪಿಗೆ ಆಗೋದಲ್ಲ, ನಾನೂ ಒಪ್ಪೂದಿಲ್ಲ. ಆದ್ರ ದಣಿದ ಹೋರಾಟಗಾರ ಯಾವ ಬಾಗಿಲು ಬಡೀತಾನ, ಯಾಕ ಬಡೀತಾನ ಅನ್ನೋದನ್ನ ನಾವು ಕೇಳಬೇಕಲ್ಲ?

2011ರ ಮಾರ್ಚ್‌ನಲ್ಲಿ ಆಕಿಯ ಸೋಲೋ ಆಲ್ಬಂ 'ಜನರೇಶನ್ ಇಂಡಿಗೋ' ಬಂತು. 'ಕಿಲ್ಲಿಂಗ್ ಜೋಕ್' ಅನ್ನೋ ಇನ್ನೊಂದು ಹಳೇ ತಂಡದ ಬಾಸ್ ವಾದಕ ಯೂತ್ ಅದರ ನಿರ್ಮಾಪಕ. ವರ್ಣಭೇದ, ಯುದ್ಧ, ಇಂಟರ್ನೆಟ್ಟಿನ ಪ್ರೀತಿ, ಕಾಲಿಗೆ ಹಾಕೋ ಬೂಟು, ಎಲ್ಲದರ ಮ್ಯಾಲೂ ಹಾಡು ಅದಾವು. ರಾಕ್ ಐತಿ, ರೆಗೆ ಐತಿ, ಕುಣಿಸೋ ತಾಳ ಐತಿ. ಇಪ್ಪತ್ತರ ಚೀರಾಟ ಇಲ್ಲ, ನಗು ಐತಿ. ಆ ನಗುವಿನೊಳಗ ಚುಚ್ಚು ಐತಿ. ಆಲ್ಬಂ ಬಂದು ಒಂದು ತಿಂಗಳೂ ತುಂಬಲಿಲ್ಲ, ಏಪ್ರಿಲ್ 25ಕ್ಕೆ ಕ್ಯಾನ್ಸರ್‌ನಿಂದ ತೀರಿಕೊಂಡಳು. 53 ವರ್ಷ.

ಈ ಆಲ್ಬಂ ಆಗದೇ ಹೋಗಿದ್ರ ಏನಾಗ್ತಿತ್ತು? ಜಗತ್ತಿಗೆ ಆಕಿ 1977ರ ಒಂದು ಕೂಗಾಗಿ ಅಷ್ಟೇ ಉಳೀತಿದ್ದಳು. ಚಳವಳಿಗಳ ಗುಣನೇ ಹಂಗ. ನಿಮ್ಮ ಹರೆಯದ ಘೋಷಣೆ ಇಟ್ಕೊತಾವ, ಐವತ್ತರ ವಿಚಾರ ಕೇಳೂದಿಲ್ಲ. ಅದನ್ನ ಹೇಳಲಿಕ್ಕೆ ಮನುಷ್ಯನಿಗೆ ತನ್ನದೇ ಜಾಗ ಬೇಕು.

"ಅದು ಬಿಳಿಯರ ದೇಶದ ಮಾತು" ಅನ್ನಬ್ಯಾಡ್ರಿ. ಪಕ್ಕದ ತಮಿಳುನಾಡು ನೋಡ್ರಿ. ಪಾ. ರಂಜಿತ್ ಅವರ ಬೆಂಬಲದಿಂದ ಹುಟ್ಟಿದ 'ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ತಂಡದ ಹುಡುಗ ಅರಿವು. 'ಎಂಜಾಯ್ ಎಂಜಾಮಿ' ಹಾಡು ಬರೆದು ಹಾಡಿದಂವ. 2021ರಲ್ಲಿ ರೋಲಿಂಗ್ ಸ್ಟೋನ್ ಇಂಡಿಯಾ ಪತ್ರಿಕೆ ಆ ಹಾಡಿನ ಸಾಧನೆ ಬಗ್ಗೆ ಮುಖಪುಟ ಮಾಡಿದಾಗ ಅವನ ಮುಖನೇ ಇರಲಿಲ್ಲ. ಗದ್ದಲ ಎದ್ದ ಮ್ಯಾಲೆ ಬ್ಯಾರೆ ಡಿಜಿಟಲ್ ಮುಖಪುಟ ಬಂತು. 2024ರಲ್ಲಿ ಅವನು ತನ್ನದೇ ಆಲ್ಬಂ ತಂದ, ಹೆಸರು 'ವಳ್ಳಿಯಮ್ಮ ಪೇರಾಂಡಿ'. ಅಂದ್ರ ವಳ್ಳಿಯಮ್ಮನ ಮೊಮ್ಮಗ. ಶ್ರೀಲಂಕಾದ ಚಹಾ ತೋಟದಾಗ ದುಡಿದ ಅಜ್ಜಿಯ ಹೆಸರೇ ಆಲ್ಬಮ್ಮಿನ ಹೆಸರು. ಸೋಲೋ ಅಂದ್ರ ಒಂಟಿ ಅಂತಲ್ಲ, ನೋಡ್ರಿ.

ಈಗ ನಮ್ಮ ಊರಿಗೆ ಬರೋಣ. ಗದಗ ಅಂದ ಕೂಡ್ಲೆ ಜನ ಸಂಗೀತ ಅಂತಾರ. ವೀರೇಶ್ವರ ಪುಣ್ಯಾಶ್ರಮ, ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು. ಕುರುಡ ಮಕ್ಕಳಿಗೆ ಅನ್ನ, ಸ್ವರ ಎರಡೂ ಕೊಟ್ಟ ಆಶ್ರಮಕ್ಕೆ ಗೌರವ ಐತಿ. ಆದ್ರ ಹಲಗಿ? ಜಾತ್ರಿಗೆ ಬೇಕು, ಹೆಣದ ಮುಂದ ಬೇಕು, ಲೀಡರ್ ಮೆರವಣಿಗಿಗೆ ಬೇಕು. ಬಾರಿಸಿದವನ ಹೆಸರು ಎಷ್ಟು ಆಮಂತ್ರಣ ಪತ್ರಿಕೆಯೊಳಗ ನೋಡೀರಿ?

ಊರವರು ಹೆಸರು ಹಾಕಲಿಲ್ಲ ಅಂತ ಸಿಟ್ಟು ಮಾಡ್ತೀವಿ, ನಾವಾದ್ರೂ ಹಾಕೀವೇನು? ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂತು. ಕವಿ 2021ರಲ್ಲಿ ಹೋದರು, ಪುಸ್ತಕ ಉಳಿದೈತಿ, ಹೆಸರು ಉಳಿದೈತಿ. ಆದ್ರ ಆ ಕಾಲದ ಹೋರಾಟದ ಹಾಡುಗಳನ್ನ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕೇರಿಗಳಲ್ಲಿ ಮೈಕ್ ಇಲ್ಲದೇ, ಗಂಟಲು ಹರಿಯೋ ಹಂಗ ಹಾಡಿದ ಅಣ್ಣಂದಿರು, ಅಕ್ಕಂದಿರು? ಅವರಿಗೀಗ ಅರವತ್ತು, ಎಪ್ಪತ್ತು. ಏಪ್ರಿಲ್ 14 ಬಂದ್ರ ವೇದಿಕೆಗೆ ಕರೀತೀವಿ, "ಒಂದು ಕ್ರಾಂತಿಗೀತೆ" ಅಂತ ಘೋಷಣೆ ಮಾಡ್ತೀವಿ, ಆಮ್ಯಾಲೆ ಮುಖ್ಯ ಅತಿಥಿಗಳ ಭಾಷಣ. ಆ ದನಿ ಎಲ್ಲೂ ದಾಖಲಾಗೂದಿಲ್ಲ.

"ಹಾಡು ಎಲ್ಲರದ್ದು, ಹೆಸರು ಯಾಕ ಬೇಕು?" ಅಂತ ಕೇಳೋರಿಗೆ ಆಫೀಸಿನಾಗ ಫೈಲ್ ನೋಡೋ ಗುಮಾಸ್ತನಾಗಿ ಒಂದು ಮಾತು ಹೇಳ್ತೀನಿ: ಹೆಸರಿಲ್ಲದ ಬಿಲ್ ಪಾಸ್ ಆಗೂದಿಲ್ಲ. ಕಾಪಿರೈಟ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆದ ಮ್ಯಾಲೆ ಹಾಡಿದವರಿಗೆ, ವಾದ್ಯ ಬಾರಿಸಿದವರಿಗೆ ತಮ್ಮ ಹೆಸರು ಹಾಕಿಸಿಕೊಳ್ಳೋ ಹಕ್ಕು ಐತಿ, ವ್ಯಾಪಾರಕ್ಕೆ ಬಳಸಿದ್ರ ರಾಯಲ್ಟಿ ಹಕ್ಕೂ ಐತಿ. ಬಾಬಾಸಾಹೇಬರು ಹಕ್ಕು ಅನ್ನೋದನ್ನ ಕಾಗದದ ಮ್ಯಾಲೆ ಬರೆಸಿದ್ದು ಸುಮ್ಮನಲ್ಲ.

ಮಾಡೋ ಕೆಲಸ ದೊಡ್ಡದೇನಿಲ್ಲ. ಈ ಸಲದ ಜಯಂತಿ ಪಟ್ಟಿಯೊಳಗ ಹಾರ, ಫ್ಲೆಕ್ಸ್, ಡಿಜೆ ಖರ್ಚಿನ ಒಂದು ಪಾಲು ತೆಗೆದಿಡ್ರಿ. ನಿಮ್ಮ ತಾಲೂಕಿನ ಒಬ್ಬ ಹಿರಿಯ ಹಾಡುಗಾರರನ್ನ, ಹಲಗಿ ತಂಡದ ಸಮೇತ, ಹುಬ್ಬಳ್ಳಿಯದೋ ಗದಗಿನದೋ ಒಂದು ಸ್ಟುಡಿಯೋಕ್ಕೆ ಕರ್ಕೊಂಡು ಹೋಗ್ರಿ. ಚಳವಳಿಯ ಹಳೇ ಹಾಡಷ್ಟೇ ಅಲ್ಲ, ಅವರು ಈಗ ಏನು ಹಾಡಬೇಕಂತಾರೋ ಅದನ್ನೂ ಹಾಡಿಸ್ರಿ. ಗಿಟಾರ್ ಬೇಕಂದ್ರ ಗಿಟಾರ್ ಕೂಡಿಸ್ರಿ. ನಮ್ಮನ್ನೇ ಬೈಯೋ ಹಾಡಾದ್ರೂ ಕೇಳೋಣ. ಕವರಿನ ಮ್ಯಾಲೆ ಅವರ ಫೋಟೋ ಹಾಕ್ರಿ, ನಮ್ಮ ಲೀಡರಂದು ಬ್ಯಾಡ.

ಪಾಲಿ ಸ್ಟೈರೀನ್‌ಗೆ ಒಂದು ತಿಂಗಳ ಅಂತರದಾಗ ಅವಕಾಶ ಸಿಕ್ಕಿತು. ನಮ್ಮವರಿಗೆ ಎಷ್ಟು ಟೈಮ್ ಐತೋ ಯಾರಿಗೆ ಗೊತ್ತು? ನಿಮ್ಮೂರಿನ ಅಂಥ ಹಾಡುಗಾರರನ್ನ ಈ ವಾರನೇ ಮಾತಾಡಿಸ್ರಿ, ಅವರು ಒಪ್ಪಿದ್ರ ಹೆಸರು ಕಾಮೆಂಟಿನಾಗ ಹಾಕ್ರಿ. ಪಟ್ಟಿ ನಾ ಮಾಡ್ತೀನಿ.

ಜೈ ಭೀಮ್.